ಚಾಲೆಂಜರ್: ಬಿಡುವು ತೆಗೆದುಕೊಂಡೂ ಕೆಟ್ಟ ನಿರ್ಧಾರ

ನಿರ್ಧಾರಕ್ಕೆ ಮುನ್ನ ನಾಯಕರಾದವರು ಸ್ವಲ್ಪ ತಡೆಯಬೇಕೆಂದು ಎಲ್ಲರೂ ಬರೆದುಕೊಳ್ಳುತ್ತೇವೆ. ತಡೆದ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ಟಿಪ್ಪಣಿಯಲ್ಲಿ ಬಿಟ್ಟುಹೋಗುತ್ತದೆ. ಅದಕ್ಕೆ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ಈ ಪ್ರಕರಣ.

1986ರ ಜನವರಿ 27ರ ರಾತ್ರಿ, ನೌಕೆಯನ್ನು ಮೇಲೆತ್ತುವ ಬೂಸ್ಟರ್ ರಾಕೆಟ್ ತಯಾರಿಸುತ್ತಿದ್ದ ಮಾರ್ಟನ್ ಥಯೋಕಾಲ್ ಕಂಪನಿ ನಾಸಾಕ್ಕೆ ಫೋನ್ ಸಭೆಯಲ್ಲಿ ಹೇಳಿದ್ದು: 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಸುಮಾರು 12 ಸೆಲ್ಸಿಯಸ್) ಕೆಳಗೆ ಉಡಾವಣೆ ಬೇಡ. ಚಳಿಗೆ ಬೂಸ್ಟರ್ ಕೀಲುಗಳ ಸಂದು ಮುಚ್ಚುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಬಿರುಸಾದರೆ ಬಿಸಿ ಅನಿಲ ಸೋರಬಹುದು. ನಾಸಾ ಒಪ್ಪಲಿಲ್ಲ. ಕಂಪನಿಯವರು ಐದು ನಿಮಿಷ ಬಿಡುವು ಕೇಳಿ ಲೈನಿನಿಂದ ಆಚೆ ಹೋದರು, ಅರ್ಧ ಗಂಟೆಯ ಮೇಲೆ ಬಂದು ‘ಉಡಾಯಿಸಬಹುದು’ ಎಂದರು. ಮರುದಿನ ಬೆಳಿಗ್ಗೆ ಸುಮಾರು 2 ಸೆಲ್ಸಿಯಸ್ ಚಳಿ. 73ನೇ ಸೆಕೆಂಡಿಗೆ ನೌಕೆ ಛಿದ್ರವಾಯಿತು, ಏಳೂ ಜನ ಸತ್ತರು.

ಆ ಅರ್ಧ ಗಂಟೆಯಲ್ಲಿ ಮೊದಲು ಕೆಟ್ಟದ್ದು ಪ್ರಶ್ನೆ. ‘ಸುರಕ್ಷಿತವೆಂದು ತೋರಿಸಿ’ ಎನ್ನಬೇಕಾದಲ್ಲಿ ‘ಅಪಾಯವೆಂದು ಸಾಬೀತು ಮಾಡಿ’ ಎಂದಾಯಿತು. ಆಮೇಲೆ ಮತ ಹಾಕಿದ್ದು ನಾಲ್ವರು ಮ್ಯಾನೇಜರುಗಳು ಮಾತ್ರ. ಬೇಡವೆಂದ ಕಂಪನಿಯ ಎಂಜಿನಿಯರ್ ರೋಜರ್ ಬೋಯ್ಸ್‌ಜೋಲಿ ಅದೇ ಕೋಣೆಯಲ್ಲಿದ್ದರೂ ಮತವಿರಲಿಲ್ಲ. ಎಂಜಿನಿಯರಿಂಗ್ ಉಪಾಧ್ಯಕ್ಷ ಬಾಬ್ ಲಂಡ್‌ಗೆ ಅವರ ಮೇಲಧಿಕಾರಿ, ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೋ ಎಂದರು. ಅದುವರೆಗೆ ಬೇಡವೆನ್ನುತ್ತಿದ್ದ ಲಂಡ್ ಅಲ್ಲಿಗೆ ಮಣಿದರು.

ನನ್ನ ಮಟ್ಟಿಗೆ ದೊಡ್ಡ ನಷ್ಟ ಅಂಕಿಅಂಶದ್ದು. ಓ-ರಿಂಗ್‌ಗೆ ಹಾನಿಯಾಗಿದ್ದ ಹಿಂದಿನ ಹಾರಾಟಗಳನ್ನಷ್ಟೇ ನೋಡಿದರೆ ಚಳಿಯ ಪಾತ್ರ ಮಸುಕಾಗುತ್ತದೆ, ಬಿಸಿಲಲ್ಲೂ ಹಾನಿಯಾಗಿತ್ತಲ್ಲ ಎನ್ನಬಹುದು. ಹಾನಿಯಿಲ್ಲದವನ್ನೂ ಸೇರಿಸಿ ನೋಡಿ: 65 ಫ್ಯಾರನ್‌ಹೀಟ್‌ಗಿಂತ (ಸುಮಾರು 18 ಸೆಲ್ಸಿಯಸ್) ಕೆಳಗಿನ ನಾಲ್ಕಕ್ಕೆ ನಾಲ್ಕರಲ್ಲೂ ಹಾನಿ, ಅದಕ್ಕಿಂತ ಮೇಲಿನ 20ರಲ್ಲಿ ಮೂರರಲ್ಲಿ ಮಾತ್ರ. ಈ ಪಟ್ಟಿ ಬರೆಯಲು ಒಂದು ಹಾಳೆ ಸಾಕಿತ್ತು. ಅಪಘಾತದ ತನಿಖಾ ಆಯೋಗ ಇದನ್ನು ಎತ್ತಿ ತೋರಿಸಿತು.

ಹಾಗಾಗಿ ಬಿಡುವು ಕೇಳುವ ಮುನ್ನವೇ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದಿಡಿ. ಯಾವ ಮಾಹಿತಿ ಸಿಕ್ಕರೆ ಮನಸ್ಸು ಬದಲಿಸುತ್ತೀರೆಂದು ಅದರ ಕೆಳಗೆ ಬರೆಯಿರಿ. ಹೊಸ ಮಾಹಿತಿ ಒಂದೂ ಬರದೆ ಅಭಿಪ್ರಾಯ ಬದಲಾಗಿದ್ದರೆ, ಬದಲಿಸಿದ್ದು ಒತ್ತಡ. ವಿಷಯ ಬಲ್ಲವರಿಗೆ ಮತವಿರಲಿ, ಹಿರಿಯರು ಕೊನೆಯಲ್ಲಿ ಮಾತಾಡಲಿ. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ, ಸಲಹೆಗಾರರು ಮುಕ್ತವಾಗಿ ಮಾತಾಡಲೆಂದು, ಕೆಲವು ಸಭೆಗಳಿಂದ ದೂರವೇ ಉಳಿದಿದ್ದರು. ಮೊದಲ ದಿನ ವಾಯುದಾಳಿಯತ್ತ ವಾಲಿದ್ದ ಚರ್ಚೆ ವಾರದೊಳಗೆ ನೌಕಾ ದಿಗ್ಬಂಧನಕ್ಕೆ ತಿರುಗಿತು.

ಎಲ್ಲ ನಿರ್ಧಾರಕ್ಕೂ ಇಷ್ಟು ಬೇಕಿಲ್ಲ. ನಾಳೆ ತಿದ್ದಿಕೊಳ್ಳಬಹುದಾದದ್ದನ್ನು ಇವತ್ತೇ ಮುಗಿಸಿ. ಉಡಾವಣೆಯನ್ನು ಇನ್ನೊಂದು ದಿನಕ್ಕೆ ಹಾಕಬಹುದಿತ್ತು, ಹಾರಿದ ನೌಕೆಯನ್ನು ಇಳಿಸುವ ದಾರಿ ಮೊದಲ ಎರಡು ನಿಮಿಷ, ಬೂಸ್ಟರ್ ಉರಿಯುವಷ್ಟು ಹೊತ್ತು, ಇರಲಿಲ್ಲ.