ಬಿಸ್ಕೆಟ್, ಕುಕಿ, ಕ್ರ್ಯಾಕರ್, ಕ್ರಿಸ್ಪ್ಸ್: ಬ್ರಿಟಿಷ್ ಮತ್ತು ಅಮೆರಿಕನ್ ಪದಗಳ ಅಧ್ಯಯನ ಟಿಪ್ಪಣಿ

ಇಂಗ್ಲಿಷ್ ಗೈಡುಗಳಲ್ಲಿ ಬ್ರಿಟಿಷ್ ಪದ ಒಂದು ಕಡೆ, ಅಮೆರಿಕನ್ ಪದ ಇನ್ನೊಂದು ಕಡೆ ಬರೆದ ಪಟ್ಟಿ ಇದ್ದೇ ಇರುತ್ತದೆ. ಬಿಸ್ಕೆಟ್ ಅಂದರೆ ಕುಕಿ, ಚಿಪ್ಸ್ ಅಂದರೆ ಫ್ರೆಂಚ್ ಫ್ರೈಸ್, ಕ್ರಿಸ್ಪ್ಸ್ ಅಂದರೆ ಪೊಟೇಟೊ ಚಿಪ್ಸ್. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಕಥೆ ಓದುವಾಗ, ಸಿನಿಮಾ ನೋಡುವಾಗ, ಅಲ್ಲಿಯವರ ರೆಸಿಪಿ ನೋಡಿ ಏನಾದರೂ ಮಾಡಲು ಹೊರಟಾಗ ಈ ಪಟ್ಟಿ ಕೈಕೊಡುತ್ತದೆ. ಎರಡೂ ದೇಶದವರು ತಿನಿಸುಗಳನ್ನು ವಿಂಗಡಿಸಿಕೊಂಡ ರೀತಿಯೇ ಬೇರೆ. ಆದ್ದರಿಂದ ಪ್ರತಿ ಪದಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿ ಎನ್ನುವುದು ನನ್ನ ಸಲಹೆ: ಗರಿಗರಿಯೋ ಮೆತ್ತಗೋ, ಸಿಹಿಯೋ ಉಪ್ಪೋ, ಯಾವುದರ ಜೊತೆ ತಿನ್ನುತ್ತಾರೆ?

ಮೊದಲು ಬಿಸ್ಕೆಟ್. ಈ ಪದದ ಮೂಲದಲ್ಲಿ ‘ಎರಡು ಸಲ ಬೇಯಿಸಿದ್ದು’ ಎಂಬ ಅರ್ಥವಿದೆ. ಫ್ರೆಂಚ್ ಮೂಲಕ ಲ್ಯಾಟಿನ್‌ನಿಂದ ಬಂದದ್ದು. ನೀರಿನಂಶ ಪೂರ್ತಿ ಹೋಗುವಂತೆ ಸುಟ್ಟ ಗಟ್ಟಿ ಬಿಸ್ಕತ್ತನ್ನು ನಾವಿಕರು ತಿಂಗಳುಗಟ್ಟಲೆ ಹಡಗಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಬ್ರಿಟನ್ನಿನಲ್ಲಿ ಇಂದಿಗೂ ಬಿಸ್ಕೆಟ್ ಎಂದರೆ ತೆಳ್ಳಗೆ, ಒಣಗಿದಂತೆ, ಮುರಿದರೆ ಸದ್ದಾಗುವ ತಿನಿಸು. ಸಿಹಿಯದೂ ಆಗಬಹುದು, ಉಪ್ಪಿನದೂ ಆಗಬಹುದು. ನಾವು ಚಹಾದಲ್ಲಿ ಅದ್ದಿ ತಿನ್ನುವ ಬಿಸ್ಕತ್ತು ಇದೇ ಅರ್ಥದ್ದು. ಬ್ರಿಟಾನಿಯಾ ಶುರುವಾದದ್ದು 1892ರಲ್ಲಿ, ಬ್ರಿಟಿಷರ ಕಾಲದ ಕಲ್ಕತ್ತಾದಲ್ಲಿ. ಹಾಗಾಗಿ ನಮಗೆ ಪದವೂ ಅರ್ಥವೂ ಒಟ್ಟಿಗೇ ಅವರಿಂದ ಬಂದಿವೆ.

ಅಮೆರಿಕದ ಬಿಸ್ಕೆಟ್ ಬೇರೆಯೇ ಪದಾರ್ಥ. ಅದನ್ನು ಮಾಡುವ ಬಗೆ ತಿಳಿದರೆ ಪದ ಮರೆಯುವುದಿಲ್ಲ. ಮೈದಾಕ್ಕೆ ಉಪ್ಪು, ಬೇಕಿಂಗ್ ಪೌಡರ್ ಬೆರೆಸಿ, ಫ್ರಿಜ್‌ನಿಂದ ಆಗಷ್ಟೇ ತೆಗೆದ ತಣ್ಣನೆಯ ಬೆಣ್ಣೆಯನ್ನು ಸಣ್ಣ ಚೂರುಗಳಾಗಿ ಹಾಕಿ, ಬೆರಳ ತುದಿಯಲ್ಲಿ ಉಜ್ಜುತ್ತಾರೆ. ಬೆಣ್ಣೆ ಕರಗಬಾರದು. ಆಮೇಲೆ ಮಜ್ಜಿಗೆ ಹಾಕಿ ಹಿಟ್ಟು ಒಂದಾಗುವಷ್ಟು ಮಾತ್ರ ಕಲಸುತ್ತಾರೆ. ಚಪಾತಿ ಹಿಟ್ಟಿನಂತೆ ನಾದಿದರೆ ಕೆಟ್ಟಿತು. ದಪ್ಪಗೆ ತಟ್ಟಿ, ದುಂಡಗೆ ಕತ್ತರಿಸಿ, ಚೆನ್ನಾಗಿ ಕಾದ ಓವನ್ನಿನಲ್ಲಿಟ್ಟಾಗ ಬೆಣ್ಣೆಯ ಚೂರುಗಳು ಕರಗಿ ಪದರ ಪದರವಾಗಿ ಉಬ್ಬುತ್ತದೆ. ಬಿಸಿಯಿರುವಾಗಲೇ ಬಿಡಿಸಿ ಬೆಣ್ಣೆ, ಜೇನುತುಪ್ಪ ಸವರುತ್ತಾರೆ, ಇಲ್ಲವೇ ಮೇಲೆ ಗ್ರೇವಿ ಸುರಿಯುತ್ತಾರೆ. ಈ ಗ್ರೇವಿಯೂ ನಮ್ಮ ಮಸಾಲೆ ಗ್ರೇವಿ ಅಲ್ಲ. ಸಾಸೇಜ್ ಹುರಿದ ಕೊಬ್ಬಿನಲ್ಲಿ ಹಿಟ್ಟು ಬಾಡಿಸಿ, ಹಾಲು ಸೇರಿಸಿ, ಕರಿಮೆಣಸು ಹಾಕಿದ ಬಿಳಿ ಗ್ರೇವಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದು ಬೆಳಗಿನ ತಿಂಡಿ. ಬ್ರಿಟನ್ನಿನಲ್ಲಿ ಇದಕ್ಕೆ ಹತ್ತಿರದ್ದು ಸ್ಕೋನ್. ಆದರೆ ಸ್ಕೋನ್ ತುಸು ಸಿಹಿ, ಜಾಮ್ ಮತ್ತು ಕ್ರೀಮ್ ಜೊತೆ ಸಂಜೆಯ ಚಹಾಕ್ಕೆ ಬರುವಂಥದ್ದು.

ಹಾಗಾದರೆ ಸಿಹಿ ಬಿಸ್ಕತ್ತಿಗೆ ಅಮೆರಿಕದವರು ಕುಕಿ ಎನ್ನುವುದೇಕೆ? ಇಂದಿನ ನ್ಯೂಯಾರ್ಕ್ ಮೊದಲು ನ್ಯೂ ಆಮ್‌ಸ್ಟರ್‌ಡ್ಯಾಮ್ ಎಂಬ ಡಚ್ಚರ ವಸಾಹತು. ಇಂಗ್ಲಿಷರು ಅದನ್ನು ಹಿಡಿದದ್ದು 1664ರಲ್ಲಿ. ಡಚ್ಚರಲ್ಲಿ ‘ಕೂಕ್ಯ’ ಎಂದರೆ ಪುಟ್ಟ ಕೇಕು. ಆಳ್ವಿಕೆ ಹೋದರೂ ಪದ ಉಳಿಯಿತು. 1796ರಲ್ಲಿ ಅಮೆಲಿಯಾ ಸಿಮ್ಮನ್ಸ್ ಪ್ರಕಟಿಸಿದ ಅಡುಗೆ ಪುಸ್ತಕದ ಹೊತ್ತಿಗೆ ಅದು ಅಚ್ಚಿಗೂ ಬಂದಿತ್ತು. ಹಾಗೆಂದು ಅಮೆರಿಕದಲ್ಲಿ ಬಿಸ್ಕೆಟ್ ಪದಕ್ಕೆ ಹಳೆಯ ಅರ್ಥ ಪೂರ್ತಿ ಅಳಿಸಿಹೋಗಲಿಲ್ಲ. 1898ರಲ್ಲಿ ಹುಟ್ಟಿದ ಅಲ್ಲಿಯ ದೊಡ್ಡ ಕಂಪನಿಯ ಹೆಸರು ನ್ಯಾಷನಲ್ ಬಿಸ್ಕೆಟ್ ಕಂಪನಿ, ಅಂದರೆ ನಬಿಸ್ಕೊ. 1912ರಲ್ಲಿ ಅದು ತಂದ ಓರಿಯೊದ ಮೊದಲ ಹೆಸರು ‘ಓರಿಯೊ ಬಿಸ್ಕೆಟ್’!

ಬ್ರಿಟನ್ನಿನಲ್ಲೂ ಕುಕಿ ಪದ ಉಂಟು, ಆದರೆ ಸಾಮಾನ್ಯವಾಗಿ ಅಗಲವಾದ, ನಡುವೆ ಮೆತ್ತಗಿರುವ, ಚಾಕೊಲೇಟ್ ಚೂರು ಹಾಕಿದ ಅಮೆರಿಕನ್ ಶೈಲಿಯದಕ್ಕೆ. ಸ್ಕಾಟ್ಲೆಂಡಿನಲ್ಲಿ ಕುಕಿ ಎಂದರೆ ಸಾದಾ ಬನ್ ಎಂಬ ಹಳೆಯ ಅರ್ಥವೂ ಇದೆ. ಅಮೆರಿಕದ ಕುಕಿಯನ್ನೆಲ್ಲ ಬ್ರಿಟಿಷರು ಬಿಸ್ಕೆಟ್ ಎನ್ನುವುದಿಲ್ಲ, ಬ್ರಿಟಿಷರ ಬಿಸ್ಕೆಟ್‌ಗಳೆಲ್ಲ ಅಮೆರಿಕದಲ್ಲಿ ಕುಕಿಯಾಗುವುದಿಲ್ಲ. ಪಟ್ಟಿ ಸೋಲುವುದು ಇಲ್ಲೇ.

ಉಪ್ಪಿನ ಬಿಸ್ಕತ್ತು ಅಮೆರಿಕದಲ್ಲಿ ಕ್ರ್ಯಾಕರ್. ನಮ್ಮ ಮೊನಾಕೊವನ್ನು ಅಮೆರಿಕದವರು ಕ್ರ್ಯಾಕರ್ ಎಂದೇ ಕರೆದಾರು. ಬ್ರಿಟನ್ನಿನಲ್ಲಿ ಕ್ರ್ಯಾಕರ್ ಕೂಡ ಬಿಸ್ಕೆಟ್‌ಗಳ ಗುಂಪಿನಲ್ಲೇ ಒಂದು ಬಗೆ, ಚೀಸ್ ಜೊತೆ ತಿನ್ನುವಂಥದ್ದು. 1885ರಲ್ಲಿ ಡಬ್ಲಿನ್‌ನ ಜೇಕಬ್ಸ್ ಬೇಕರಿ ತಂದ ಕ್ರೀಮ್ ಕ್ರ್ಯಾಕರ್ ಒಳಗೆ ಕ್ರೀಮ್ ಇರುವುದಿಲ್ಲ. ನಮ್ಮ ಕ್ರೀಮ್ ಬಿಸ್ಕತ್ತಿನ ಜೊತೆ ಬೆರೆಸಬೇಡಿ. ಇನ್ನೊಂದು ತೊಡಕು ಗ್ರಹಾಂ ಕ್ರ್ಯಾಕರ್. ಹೆಸರಿನಲ್ಲಿ ಕ್ರ್ಯಾಕರ್ ಇದ್ದರೂ ರುಚಿ ಸಿಹಿ. ಅಮೆರಿಕನ್ ಚೀಸ್‌ಕೇಕಿನ ತಳಕ್ಕೆ ಇದನ್ನು ಪುಡಿ ಮಾಡಿ ಹಾಕುತ್ತಾರೆ. ಬ್ರಿಟಿಷ್ ರೆಸಿಪಿಯಲ್ಲಿ ಅದೇ ಜಾಗಕ್ಕೆ ಡೈಜೆಸ್ಟಿವ್ ಬಿಸ್ಕತ್ತು ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದೂ ಡೈಜೆಸ್ಟಿವ್, ಧೈರ್ಯವಾಗಿ ಅದನ್ನೇ ಬಳಸಿ.

ಬಿಸ್ಕೆಟ್ ಮತ್ತು ಕೇಕ್ ನಡುವಿನ ಗೆರೆಯ ಬಗ್ಗೆ ಬ್ರಿಟನ್ನಿನಲ್ಲಿ ವಿಚಾರಣೆಯೇ ನಡೆದಿದೆ. ಅಲ್ಲಿ ಕೇಕಿಗೆ ವ್ಯಾಟ್ ಇಲ್ಲ, ಸಾದಾ ಬಿಸ್ಕತ್ತಿಗೂ ಇಲ್ಲ, ಚಾಕೊಲೇಟ್ ಹೊದಿಸಿದ ಬಿಸ್ಕತ್ತಿಗೆ ಉಂಟು. ಜಾಫಾ ಕೇಕ್ಸ್ ಎಂಬ ತಿನಿಸಿನ ತಳ ಸ್ಪಂಜಿನಂತೆ, ಮೇಲೆ ಕಿತ್ತಳೆ ಜೆಲ್ಲಿ, ಅದರ ಮೇಲೆ ಚಾಕೊಲೇಟ್. ಮಾರುವುದು ಬಿಸ್ಕತ್ತಿನ ಜೊತೆ, ಗಾತ್ರವೂ ಬಿಸ್ಕತ್ತಿನಷ್ಟೇ. 1991ರಲ್ಲಿ ತೆರಿಗೆ ನ್ಯಾಯಮಂಡಳಿ ಹಲವು ಅಂಶ ತೂಗಿ ನೋಡಿತು. ಅದರಲ್ಲಿ ಒಂದು ನಮಗೆ ಮಳೆಗಾಲದಲ್ಲಿ ಚೆನ್ನಾಗಿ ಗೊತ್ತಿರುವುದೇ: ಹಳತಾದರೆ ಬಿಸ್ಕತ್ತು ಮೆತ್ತಗಾಗುತ್ತದೆ, ಕೇಕು ಗಟ್ಟಿಯಾಗುತ್ತದೆ. ಜಾಫಾ ಗಟ್ಟಿಯಾಗುತ್ತಿತ್ತು. ಅದು ಕೇಕು ಎಂದು ತೀರ್ಪು ಬಂತು. ಬ್ರಿಟಿಷ್ ಅರ್ಥದ ಬಿಸ್ಕೆಟ್ ಎಂದರೇನು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಯಾವ ನಿಘಂಟಿನಲ್ಲೂ ಕಂಡಿಲ್ಲ.

ಇನ್ನು ಆಲೂಗಡ್ಡೆ. ಬ್ರಿಟನ್ನಿನ ಚಿಪ್ಸ್ ಎಂದರೆ ಬೆರಳು ಗಾತ್ರಕ್ಕೆ ಕೊಯ್ದು ಕರಿದ, ಬಿಸಿಯಾಗಿ ತಿನ್ನುವ ತುಂಡುಗಳು. ಅಮೆರಿಕದಲ್ಲಿ ಅದು ಫ್ರೈಸ್. ಪೊಟ್ಟಣದಲ್ಲಿ ಬರುವ ತೆಳ್ಳನೆಯ ಬಿಲ್ಲೆ ಬ್ರಿಟನ್ನಿನಲ್ಲಿ ಕ್ರಿಸ್ಪ್ಸ್, ಅಮೆರಿಕದಲ್ಲಿ ಚಿಪ್ಸ್. ನಾವು ಎರಡನ್ನೂ ಬೆರೆಸಿಕೊಂಡಿದ್ದೇವೆ: ಆಲೂಗಡ್ಡೆ ಚಿಪ್ಸ್, ಬಾಳೆಕಾಯಿ ಚಿಪ್ಸ್ ಎನ್ನುವಾಗ ಅಮೆರಿಕನ್ ಅರ್ಥ, ಹೋಟೆಲಿನಲ್ಲಿ ಫಿಂಗರ್ ಚಿಪ್ಸ್ ಎನ್ನುವಾಗ ಬ್ರಿಟಿಷ್ ಅರ್ಥ. ಎರಡು ವಿನಾಯಿತಿ ನೆನಪಿಡಿ. ‘ಫಿಶ್ ಅಂಡ್ ಚಿಪ್ಸ್’ ಅಮೆರಿಕದಲ್ಲೂ ಹಾಗೆಯೇ ಉಳಿದಿದೆ. ಬರ್ಗರ್ ಅಂಗಡಿಯ ಸಣ್ಣನೆಯ ತುಂಡುಗಳನ್ನು ಬ್ರಿಟಿಷರೂ ಫ್ರೈಸ್ ಎನ್ನುತ್ತಾರೆ.

ಒಣಗಿಸಿದ ಆಲೂಗಡ್ಡೆಯಿಂದ ಮಾಡುವ ಪ್ರಿಂಗಲ್ಸ್ ಎಂಬ ತಿನಿಸಿನ ಡಬ್ಬಿಯ ಮೇಲೆ ಅಮೆರಿಕದಲ್ಲೂ ಕ್ರಿಸ್ಪ್ಸ್ ಎಂದಿರುತ್ತದೆ. ಒಣಗಿಸಿದ ಆಲೂಗಡ್ಡೆಯಿಂದ ಮಾಡಿದ್ದನ್ನು ಚಿಪ್ಸ್ ಎಂದು ಕರೆಯುವುದಾದರೆ ಆ ವಿಷಯವನ್ನು ಹೆಸರಿನ ಜೊತೆಗೇ ಬರೆಯಬೇಕೆಂದು ಅಲ್ಲಿಯ ಆಹಾರ ಮತ್ತು ಔಷಧ ಇಲಾಖೆ 1970ರ ದಶಕದಲ್ಲಿ ನಿಯಮ ಮಾಡಿತು. ಬ್ರಿಟನ್ನಿನಲ್ಲಿ ಅದೇ ತಿನಿಸು ವ್ಯಾಟ್ ವಿಷಯಕ್ಕೆ ಕೋರ್ಟು ಮೆಟ್ಟಿಲೇರಿತು. ಇದರಲ್ಲಿ ಆಲೂಗಡ್ಡೆ ಅರ್ಧದಷ್ಟೂ ಇಲ್ಲ, ಆಲೂಗಡ್ಡೆ ಕ್ರಿಸ್ಪ್ಸ್‌ಗೆ ಬೀಳುವ ತೆರಿಗೆ ಇದಕ್ಕೆ ಬೀಳಬಾರದು ಎಂದು ಕಂಪನಿ ವಾದಿಸಿತು; 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪದೆ ತೆರಿಗೆ ಕಟ್ಟಬೇಕೆಂದಿತು.

ಉಳಿದವನ್ನು ಬೇಗ ನೋಡಿಬಿಡೋಣ. ಬ್ರಿಟಿಷ್ ಸ್ವೀಟ್ಸ್ ಅಮೆರಿಕದಲ್ಲಿ ಕ್ಯಾಂಡಿ. ಬಾಂಬೆ ಮಿಠಾಯಿ ಬ್ರಿಟನ್ನಿನಲ್ಲಿ ಕ್ಯಾಂಡಿ ಫ್ಲಾಸ್, ಅಮೆರಿಕದಲ್ಲಿ ಕಾಟನ್ ಕ್ಯಾಂಡಿ. ಐಸ್ ಕ್ಯಾಂಡಿ ಬ್ರಿಟನ್ನಿನಲ್ಲಿ ಐಸ್ ಲಾಲಿ, ಅಮೆರಿಕದಲ್ಲಿ ಪಾಪ್ಸಿಕಲ್. ಜೆಲ್ಲಿ ಎಂದರೆ ಬ್ರಿಟಿಷರಿಗೆ ಅಲುಗಾಡುವ ಸಿಹಿ, ಅಮೆರಿಕದವರಿಗೆ ಬ್ರೆಡ್ಡಿಗೆ ಸವರುವ, ತಿರುಳಿಲ್ಲದ ಹಣ್ಣಿನ ಪಾಕ. ಫ್ಲಾಪ್‌ಜ್ಯಾಕ್ ಬ್ರಿಟನ್ನಿನಲ್ಲಿ ಓಟ್ಸ್ ಬರ್ಫಿಯಂಥದ್ದು, ಅಮೆರಿಕದಲ್ಲಿ ಪ್ಯಾನ್‌ಕೇಕು.

ಅಭ್ಯಾಸಕ್ಕೆ ಎರಡು ಸನ್ನಿವೇಶ. ಕಥೆಯೊಂದರಲ್ಲಿ ಅಜ್ಜಿ ಬೆಳಿಗ್ಗೆ ಬಿಸಿ ಬಿಸ್ಕೆಟ್‌ ಬಿಡಿಸಿ ಬೆಣ್ಣೆ ಸವರುತ್ತಾಳೆ: ಅಮೆರಿಕ, ಸಂಶಯವಿಲ್ಲ. ಇನ್ನೊಂದರಲ್ಲಿ ಹುಡುಗ ಶಾಲೆಯಿಂದ ಬರುವಾಗ ಕಾಗದದಲ್ಲಿ ಸುತ್ತಿದ ಬಿಸಿ ಚಿಪ್ಸ್‌ಗೆ ವಿನಿಗರ್ ಚಿಮುಕಿಸಿಕೊಂಡು ತಿನ್ನುತ್ತಾನೆ: ‘ಬಿಸಿ’ ಮತ್ತು ‘ವಿನಿಗರ್’ ಎರಡೂ ಬ್ರಿಟನ್ನಿನ ಕಡೆಗೇ ಬೆರಳು ತೋರಿಸುತ್ತವೆ.