ಹೋದ ಹಕ್ಕಿಯ ತಾರೀಖು: ಲಾಲ್‌ಬಾಗಿನ ವಸಂತ ವಲಸೆಯ ಅಧ್ಯಯನ ಟಿಪ್ಪಣಿ

ವಲಸೆ ಎಂದೊಡನೆ ನನ್ನ ಮನಸ್ಸಿಗೆ ಬರುತ್ತಿದ್ದುದು ಬರುವ ಹಕ್ಕಿಗಳು ಮಾತ್ರ. ಫೆಬ್ರವರಿಯ ಆರಂಭದಿಂದ ಲಾಲ್‌ಬಾಗಿನಲ್ಲಿ ಪಕ್ಷಿವೀಕ್ಷಣೆಯ ಅಭ್ಯಾಸ ಮಾಡುತ್ತಿದ್ದ ನಾನು ಮಾರ್ಚ್ ಬಂದಾಗ, ಇನ್ನೇನು ವಸಂತದ ವಲಸೆ ಶುರುವಾಗಿ ಹೊಸ ಹಕ್ಕಿಗಳು ಬಂದಿಳಿಯುತ್ತವೆ ಎಂದು ಕಾದೆ. ಯಾವುದೂ ಬರಲಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ನನ್ನ ಪಟ್ಟಿ ಬೆಳೆಯುವ ಬದಲು ಕುಗ್ಗಿತ್ತು. ದಕ್ಷಿಣ ಭಾರತದಲ್ಲಿ ವಸಂತದ ವಲಸೆಯೆಂದರೆ ಬಹುಮಟ್ಟಿಗೆ ನಿರ್ಗಮನ ಎಂಬುದು ಆಗ ಅರ್ಥವಾಯಿತು. ಬಂದದ್ದನ್ನು ಬರೆದಿಡುವುದು ಸುಲಭ. ಹೋದದ್ದನ್ನು ಬರೆದಿಡುವುದು ಹೇಗೆ ಎಂಬಲ್ಲಿ ನಾನು ಬಹಳ ದಿನ ಸಿಕ್ಕಿಕೊಂಡಿದ್ದೆ. ಅದು ಮನಸ್ಸಿನಲ್ಲಿ ತಿಳಿಯಾಗಿರುವಾಗಲೇ ನನ್ನಂತೆ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ ಬರೆಯುತ್ತಿದ್ದೇನೆ.

ಹೊರಡುವವರು ಯಾರು

ಉತ್ತರದ ತಂಪು ದೇಶಗಳ ಉದ್ಯಾನಗಳಿಗೆ ವಸಂತದಲ್ಲಿ ಬಂದು ಸೇರುವ ಹಕ್ಕಿಗಳು ಚಳಿಗಾಲವನ್ನು ಬೇರೆಲ್ಲೋ ಕಳೆದಿರಬೇಕಲ್ಲವೇ? ಆ ಬೇರೆಡೆಗಳಲ್ಲಿ ನಮ್ಮ ಹೊಂಗೆ, ಅತ್ತಿ, ಮಳೆಮರಗಳೂ ಸೇರಿವೆ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿರುವ ಚಳಿಗಾಲದ ಅತಿಥಿಗಳಲ್ಲಿ ಈ ಟಿಪ್ಪಣಿಗೆ ಮುಖ್ಯವಾದವು ಎರಡು. ಒಂದು, ವೀಕ್ಷಕರು ಗ್ರೀನಿಶ್ ವಾರ್ಬ್ಲರ್ ಎನ್ನುವ ಹಸಿರು ಉಲಿಯಕ್ಕಿ. ಸುಮಾರು 8 ಗ್ರಾಂ ತೂಗುವ ಈ ಹಕ್ಕಿ ಪೂರ್ವ ಯುರೋಪಿನಿಂದ ಸೈಬೀರಿಯಾದವರೆಗೂ, ಹಿಮಾಲಯದಲ್ಲಿಯೂ ಮರಿ ಮಾಡುತ್ತದೆ. ಇನ್ನೊಂದು, 19ನೆಯ ಶತಮಾನದಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಅವರ ಹೆಸರು ಹೊತ್ತ ಬ್ಲೈತನ ಉಲಿಯಕ್ಕಿ.

ಬೆಂಗಳೂರಿನಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಇಷ್ಟು ಸಣ್ಣ ಬದಲಾವಣೆಯನ್ನು ನೋಡಿ ಹೊರಡುವ ಕಾಲ ಬಂತೆಂದು ಹಕ್ಕಿಗೆ ಹೇಗೆ ತಿಳಿಯುತ್ತದೆ? ಅದರ ದೇಹದೊಳಗೇ ವರ್ಷದ ಗಡಿಯಾರವೊಂದು ನಡೆಯುತ್ತಿರುತ್ತದೆ. ಹಗಲಿನ ಉದ್ದವನ್ನು ಬದಲಿಸದೆ ಸಾಕಿದ ಉಲಿಯಕ್ಕಿಗಳೂ ಸರಿಸುಮಾರು ವರ್ಷಕ್ಕೊಮ್ಮೆ ವಲಸೆಯ ಚಡಪಡಿಕೆ ತೋರುತ್ತವೆ ಎಂದು ಜರ್ಮನಿಯ ಎಬರ್‌ಹಾರ್ಡ್ ಗ್ವಿನ್ನರ್ ಅವರು ಪ್ರಯೋಗಗಳಿಂದ ತೋರಿಸಿದರು. ಹಗಲಿನ ಉದ್ದವು ಈ ಒಳಗಡಿಯಾರವನ್ನು ಕ್ಯಾಲೆಂಡರಿಗೆ ಹೊಂದಿಸುವ ಕೆಲಸ ಮಾಡುತ್ತದೆ. ಹೊರಡುವ ಮುನ್ನ ಹಕ್ಕಿ ಹೆಚ್ಚು ತಿಂದು ಕೊಬ್ಬು ಕೂಡಿಸುತ್ತದೆ. ಇಂಥ ಸಣ್ಣ ಹಕ್ಕಿಗಳು ಹೆಚ್ಚಾಗಿ ರಾತ್ರಿ ಹಾರುವುದರಿಂದ ಅವು ಹೊರಡುವ ಗಳಿಗೆಯನ್ನು ನಾವು ನೋಡುವಂತಿಲ್ಲ. ಮುಂದಿನ ತೊಡಕಿಗೆಲ್ಲ ಇದೇ ಮೂಲ.

ಮೊದಲು ಕಿವಿ

ಹಸಿರು ಉಲಿಯಕ್ಕಿಯ ಗುರುತುಗಳೆಂದು ಎಲ್ಲರೂ ಹೇಳುವುದು ಕಣ್ಣಿನ ಮೇಲಿನ ತಿಳಿ ಹುಬ್ಬು ಮತ್ತು ರೆಕ್ಕೆಯ ಮೇಲಿನ ಒಂದು ತೆಳುಗೆರೆ. ಮರದ ತುದಿಯಲ್ಲಿ, ಎಲೆಗಳ ನಡುವೆ, ಕ್ಷಣಕಾಲವೂ ನಿಲ್ಲದ ಹಕ್ಕಿಯಲ್ಲಿ ಈ ಗೆರೆಯನ್ನು ಹುಡುಕುತ್ತ ನಾನು ಕುತ್ತಿಗೆ ನೋಯಿಸಿಕೊಂಡದ್ದೇ ಹೆಚ್ಚು. ಗರಿ ಸವೆದರೆ ಗೆರೆ ಮಸುಕಾಗುತ್ತದೆ. ಎದುರು ಬೆಳಕಿದ್ದರೆ ಹುಬ್ಬೂ ಕಾಣುವುದಿಲ್ಲ. ದನಿ ಮಾತ್ರ ಮೋಸ ಮಾಡುವುದಿಲ್ಲ. ಹಸಿರು ಉಲಿಯಕ್ಕಿಯ ಕರೆಯಲ್ಲಿ ಎರಡು ತುಂಡುಗಳಿದ್ದು ಎರಡನೆಯದು ಮೇಲೇರುತ್ತದೆ: ‘ಚಿಸ್‌-ವೀ’. ಬ್ಲೈತನ ಉಲಿಯಕ್ಕಿಯದು ಒಂದೇ ಒಣ ತುಂಡು, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಬಿಟ್ಟಂತೆ: ‘ಚಕ್’. ‘ಚಕ್’ ಎಂಬುದು ಸಾಮಾನ್ಯವಾಗಿ ತಗ್ಗಿನ ಪೊದೆಯಿಂದ ಬರುತ್ತದೆ. ಹುಡುಕಿದರೆ ಹಸಿರಿನ ಛಾಯೆಯಾಗಲಿ ರೆಕ್ಕೆಗೆರೆಯಾಗಲಿ ಇಲ್ಲದ, ನೀಳ ಕೊಕ್ಕಿನ, ಕಂದು ಬಣ್ಣದ ಹಕ್ಕಿ ಸಿಗುತ್ತದೆ. ಆದರೆ ಅದು ಮರವನ್ನೂ ಏರುವುದರಿಂದ ಎತ್ತರವನ್ನಷ್ಟೇ ನಂಬಿ ಹೆಸರು ಬರೆಯಬಾರದು.

ಕಾಣಲಿಲ್ಲ ಎಂದರೆ ಹೋಯಿತೇ?

ಅಕ್ಟೋಬರಿನಲ್ಲಿ ಮೊದಲ ‘ಚಿಸ್‌-ವೀ’ ಕೇಳಿದ ದಿನವನ್ನು ಬರೆದಿಟ್ಟರೆ ಅದು ಒಂದು ಘಟನೆಯ ದಾಖಲೆ. ಹಕ್ಕಿ ಅದಕ್ಕಿಂತ ಎರಡು ದಿನ ಮೊದಲೇ ಬಂದಿರಬಹುದು. ಆದರೆ ಆ ದಿನ ಅಲ್ಲಿತ್ತು ಎಂಬುದರಲ್ಲಿ ಸಂಶಯವಿಲ್ಲ. ನಿರ್ಗಮನದಲ್ಲಿ ಹೀಗೆ ಹೇಳಬಲ್ಲ ದಿನವೇ ಇರುವುದಿಲ್ಲ. ಹಕ್ಕಿಯನ್ನು ಕೊನೆಯ ಬಾರಿ ಕೇಳಿದ ದಿನ ಅದು ಕೊನೆಯದೆಂದು ನಮಗೆ ಗೊತ್ತಿರುವುದಿಲ್ಲ. ಎಷ್ಟೋ ದಿನಗಳ ಮೌನ ಕಳೆದ ಮೇಲೆ ಹಿಂದಿರುಗಿ ನೋಡಿ, ಅಂದೇ ಕೊನೆಯಾಗಿತ್ತು ಎನ್ನಬೇಕು.

ನಾನು ಮಾಡಿದ ತಪ್ಪನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಕೆರೆಯ ಏರಿಗೆ ಹತ್ತಿರದ ಮರಗಳ ಗುಂಪಿನಲ್ಲಿ ಹಸಿರು ಉಲಿಯಕ್ಕಿಯೊಂದು ನೆಲೆಸಿತ್ತು. ಚಳಿಗಾಲದಲ್ಲೂ ಈ ಹಕ್ಕಿಗಳು ಒಂಟಿಯಾಗಿ ತಮ್ಮ ತಮ್ಮ ಗಡಿ ಕಾಯುವುದರಿಂದ ದಿನವೂ ಅದೇ ಜಾಗದಲ್ಲಿ ಅದೇ ಕರೆಯನ್ನು ನಿರೀಕ್ಷಿಸಬಹುದು. ಏಪ್ರಿಲ್ 14ರಂದು ಅದು ಕೂಗುತ್ತಿತ್ತು. 16ರಂದು ಕೇಳಲಿಲ್ಲ, 18ರಂದೂ ಇಲ್ಲ. ಟಿಪ್ಪಣಿ ಪುಸ್ತಕದಲ್ಲಿ ‘ಹೋಯಿತು’ ಎಂದು ಶಾಯಿಯಲ್ಲೇ ಬರೆದೆ. 19ರ ಬೆಳಗ್ಗೆ ಅದೇ ಮರದಿಂದ ‘ಚಿಸ್‌-ವೀ’ ಕೇಳಿಬಂತು. ಆ ಎರಡು ದಿನಗಳ ಮೌನಕ್ಕೆ ಎಷ್ಟು ತೂಕ ಕೊಡಬೇಕಿತ್ತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಉತ್ತರಕ್ಕಾಗಿ ಹಿಂದಿನ ಪುಟಗಳನ್ನು ತಿರುವಿದೆ. ಹಕ್ಕಿ ಖಂಡಿತ ಇಲ್ಲಿಯೇ ಇದ್ದ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಆ ಮರಗಳ ಕೆಳಗೆ 20 ಬೆಳಗು ನಿಂತಿದ್ದೆ. 16 ಬೆಳಗು ಅದು ಕೇಳಿಸಿತ್ತು. ಅಂದರೆ ಹಕ್ಕಿ ಇದ್ದೂ ನನಗೆ ಸಿಗದ ಬೆಳಗುಗಳು 100ಕ್ಕೆ 20. ಹಕ್ಕಿ ಇದ್ದೂ ಸತತ ಎರಡು ಬಾರಿ ತಪ್ಪಿಹೋಗುವ ಸಾಧ್ಯತೆ ಇಪ್ಪತ್ತರಲ್ಲಿ ಐದನೆಯ ಒಂದು ಪಾಲು, ಅಂದರೆ 100ಕ್ಕೆ 4. ಮೂರು ಬಾರಿಯಾದರೆ 1000ಕ್ಕೆ 8. ಹೀಗೆ ಪ್ರತಿ ಮೌನವೂ ಹಿಂದಿನದನ್ನು ಐದರಿಂದ ಭಾಗಿಸುತ್ತ ಹೋಗುತ್ತದೆ.

ನಾನು ಎಡವಿದ ಮುಖ್ಯ ಜಾಗ ಇದೇ ಆದ್ದರಿಂದ ಇದನ್ನು ಇನ್ನಷ್ಟು ಬಿಡಿಸಿ ಹೇಳಬೇಕು. 100ಕ್ಕೆ 4 ಎಂಬ ಸಂಖ್ಯೆಯನ್ನು ಕಂಡಾಗ, ಹಕ್ಕಿ ಇನ್ನೂ ಇಲ್ಲಿರುವ ಸಾಧ್ಯತೆಯೇ 100ಕ್ಕೆ 4 ಎಂದು ನಾನು ಓದಿಕೊಂಡೆ. ಅದು ಹಾಗೆ ಹೇಳುವುದಿಲ್ಲ. ಹಕ್ಕಿ ಇದೆ ಎಂದು ಒಪ್ಪಿಕೊಂಡರೆ ಎರಡು ಮೌನಗಳು ಒದಗುವುದು ಎಷ್ಟು ಅಪರೂಪ ಎಂಬುದನ್ನಷ್ಟೇ ಅದು ಹೇಳುತ್ತದೆ. ಇವೆರಡೂ ಬೇರೆ ಬೇರೆ ಮಾತುಗಳೆಂದು ಮನಗಾಣಲು ಅದೇ ಎರಡು ಮೌನಗಳನ್ನು ಫೆಬ್ರವರಿಗೆ ಒಯ್ದು ನೋಡಬೇಕು. ಫೆಬ್ರವರಿಯಲ್ಲಿ ಎರಡು ದಿನ ಕೇಳದಿದ್ದರೆ ಹಕ್ಕಿ ಉತ್ತರಕ್ಕೆ ಹೊರಟಿತು ಎನ್ನುವವರು ಯಾರೂ ಇಲ್ಲ, ಏಕೆಂದರೆ ಅದು ಹೊರಡುವ ಕಾಲವಲ್ಲ. ನನ್ನ ಕಿವಿ ತಪ್ಪಿತು ಎನ್ನುವುದೇ ಅಲ್ಲಿ ಸರಿ. ಏಪ್ರಿಲ್ ಕೊನೆಯ ವಾರದಲ್ಲಿ ಅದೇ ಎರಡು ಮೌನಗಳು ಬೇರೆ ಅರ್ಥ ಕೊಡುತ್ತವೆ, ಏಕೆಂದರೆ ಈಗ ಹೊರಡುವ ಸಾಧ್ಯತೆ ಮೊದಲೇ ದೊಡ್ಡದಾಗಿದೆ. ಮೌನದ ತೂಕ ಮೌನದಲ್ಲಿ ಮಾತ್ರವಲ್ಲ, ಅದು ಬಿದ್ದ ತಾರೀಖಿನಲ್ಲೂ ಇರುತ್ತದೆ. ಏಪ್ರಿಲ್ ನಡುಭಾಗವು ಈ ಎರಡರ ಮಧ್ಯದ ಕಾಲ. ಅಲ್ಲಿ ಎರಡು ಮೌನಗಳಿಗೆ ಶಾಯಿ ಬಳಸಬಾರದಿತ್ತು, ಪೆನ್ಸಿಲ್ ಸಾಕಾಗಿತ್ತು.

ಗುಣಾಕಾರದಲ್ಲಿ ಇನ್ನೊಂದು ಅಪಾಯವೂ ಇದೆ. ಪ್ರತಿ ಬೆಳಗೂ ಇನ್ನೊಂದರಿಂದ ಸ್ವತಂತ್ರವಾಗಿದ್ದರೆ ಮಾತ್ರ ಐದರಿಂದ ಭಾಗಿಸುವುದು ಸರಿ. ಎರಡು ದಿನವೂ ಮೋಡ ಕವಿದು ಗಾಳಿ ಬೀಸುತ್ತಿದ್ದರೆ, ಅಥವಾ ಎರಡು ದಿನವೂ ನಾನು ಎಂಟು ಗಂಟೆಯ ಮೇಲೆ ಹೋಗಿದ್ದರೆ, ಅವು ಎರಡು ಸಾಕ್ಷ್ಯಗಳಲ್ಲ, ಒಂದೇ ಸಾಕ್ಷ್ಯದ ಎರಡು ಪ್ರತಿಗಳು. ನನ್ನ 16 ಮತ್ತು 18ರ ಪುಟಗಳಲ್ಲಿ ‘ಕೋಗಿಲೆಯ ಕೂಗು ಜೋರು, ನಡಿಗೆಯವರ ಸದ್ದು ಹೆಚ್ಚು’ ಎಂದಿದೆ. ಯುಗಾದಿಯ ಸುತ್ತಮುತ್ತ ಕೋಗಿಲೆಗಳು ಕೂಗುವ ಬೆಳಗಿನಲ್ಲಿ 8 ಗ್ರಾಂ ಹಕ್ಕಿಯ ದನಿ ಮುಚ್ಚಿಹೋಗುವುದು ಸಹಜ. ಅಂದಿನಿಂದ ಹೊತ್ತು, ಗಾಳಿ, ಸದ್ದು ಈ ಮೂರನ್ನೂ ತಪ್ಪದೆ ಬರೆಯುತ್ತೇನೆ.

ಇದರಿಂದ ನಾನು ಕಟ್ಟಿಕೊಂಡ ಉಪಾಯವನ್ನು ಎರಡು ತಾರೀಖಿನ ಪದ್ಧತಿ ಎಂದು ಕರೆಯುತ್ತೇನೆ. ಕೊನೆಯದಾಗಿ ಕೇಳಿದ ದಿನವೊಂದನ್ನೇ ಬರೆಯದೆ, ಅದರ ನಂತರ ಸರಿಯಾದ ಹೊತ್ತಿನಲ್ಲಿ ಹೋಗಿ ಕೇಳದೆ ಬಂದ ಮೊದಲ ದಿನವನ್ನೂ ಪಕ್ಕದಲ್ಲಿ ಬರೆಯಬೇಕು. ಏಪ್ರಿಲ್ 19ರ ನಂತರ ನಾನು 21, 23 ಮತ್ತು 24ರಂದು ಹೋಗಿ ಬರಿಗೈಯಲ್ಲಿ ಬಂದೆ. ಆದ್ದರಿಂದ ನನ್ನ ದಾಖಲೆ ‘19/21, ಮೌನ 3’. ಹಕ್ಕಿ ಹೊರಟದ್ದು ಬಹುಶಃ ಈ ಎರಡು ತಾರೀಖುಗಳ ನಡುವೆ. ಎಷ್ಟು ಗಟ್ಟಿಯಾಗಿ ಹಾಗೆನ್ನಬಹುದು ಎಂಬುದನ್ನು ಮೂರನೆಯ ಅಂಕಿ ಹೇಳುತ್ತದೆ. ಭಾನುವಾರ ಮಾತ್ರ ಹೋಗುವವರ ದಾಖಲೆಯಲ್ಲಿ ತಾರೀಖುಗಳ ನಡುವೆ 7 ದಿನಗಳ ಅಂತರವಿರುತ್ತದೆ. ಅದು ಕೀಳಾದ ದಾಖಲೆಯಲ್ಲ, ಅಂತರವನ್ನು ಬಚ್ಚಿಟ್ಟರಷ್ಟೇ ಕೀಳಾಗುತ್ತದೆ.

ವೀಕ್ಷಕರು ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣವಾದ ಇಬರ್ಡ್‌ನಲ್ಲಿ ಪಟ್ಟಿ ಸಲ್ಲಿಸುವಾಗ, ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ದಾಖಲಿಸುತ್ತಿದ್ದೀರಾ ಎಂದು ಏಕೆ ಕೇಳುತ್ತಾರೆ ಎಂಬುದು ಈಗ ಅರ್ಥವಾಗುತ್ತದೆ. ಹೌದು ಎಂದು ಉತ್ತರಿಸಿದ ಪಟ್ಟಿಯಲ್ಲಿ ಒಂದು ಹಕ್ಕಿಯ ಹೆಸರಿಲ್ಲದಿದ್ದರೆ ಆ ಇಲ್ಲದಿರುವಿಕೆಯೂ ಮಾಹಿತಿಯಾಗುತ್ತದೆ. ಮೆಚ್ಚಿದ ಮೂರು ಹಕ್ಕಿಗಳನ್ನಷ್ಟೇ ಬರೆದ ಪಟ್ಟಿಯಿಂದ ನಿರ್ಗಮನದ ಬಗ್ಗೆ ಏನನ್ನೂ ತಿಳಿಯಲಾಗದು. ಭಾರತದಲ್ಲಿ 2007ರಲ್ಲಿ ಆರಂಭವಾದ ಮೈಗ್ರೆಂಟ್‌ವಾಚ್ ಯೋಜನೆಯೂ ವಲಸೆ ಹಕ್ಕಿಗಳ ಬರುವ ಹೋಗುವ ಕಾಲವನ್ನು ನಮ್ಮಂಥ ಸಾಮಾನ್ಯ ವೀಕ್ಷಕರ ದಾಖಲೆಗಳಿಂದಲೇ ತಿಳಿಯಲು ಹೊರಟಿತ್ತು. ಕಾಗೆ, ಗೊರವಂಕ, ಪಿಕಳಾರಗಳನ್ನು ದಿನವೂ ಬರೆಯಲು ನನಗೆ ಬೇಸರವಾಗುತ್ತಿತ್ತು. ಅವನ್ನು ಬರೆದ ಪುಟದಲ್ಲಿ ಮಾತ್ರ ಉಲಿಯಕ್ಕಿಯ ಗೈರುಹಾಜರಿಗೆ ಬೆಲೆ ಎಂದು ತಿಳಿದ ಮೇಲೆ ಬೇಸರ ಹೋಯಿತು.

19ರ ಹಕ್ಕಿ ಯಾವುದು

19ರಂದು ಕೂಗಿದ್ದು ಫೆಬ್ರವರಿಯಿಂದ ಅಲ್ಲಿದ್ದ ಹಕ್ಕಿಯೇ ಎಂದು ನಾನು ಹೇಳಲಾರೆ. ನಮಗಿಂತ ದಕ್ಷಿಣದಲ್ಲಿ ಚಳಿಗಾಲ ಕಳೆದ ಉಲಿಯಕ್ಕಿಗಳೂ ಇದೇ ದಿನಗಳಲ್ಲಿ ಉತ್ತರಕ್ಕೆ ಹೋಗುತ್ತವೆ. ರಾತ್ರಿಯೆಲ್ಲ ಹಾರಿ, ಬೆಳಗಿನಲ್ಲಿ ಸುತ್ತಲೂ ಕಟ್ಟಡಗಳಿರುವ ಊರಿನ ನಡುವೆ ಕಂಡ ಹಸಿರಿನಲ್ಲಿ ಇಳಿಯುತ್ತವೆ. ನೆಲೆಸಿದ್ದ ಹಕ್ಕಿ 15ರ ರಾತ್ರಿಯೇ ಹೊರಟು, ತೆರವಾದ ಮರದಲ್ಲಿ ದಾರಿಹೋಕ ಹಕ್ಕಿಯೊಂದು ಒಂದು ದಿನ ತಂಗಿದ್ದರೂ ನನ್ನ ಪುಟದಲ್ಲಿ ಮೂಡುವುದು ಅದೇ ಚಿತ್ರ. ಕಾಲಿಗೆ ಬಣ್ಣದ ಉಂಗುರ ತೊಡಿಸಿದ ಹಕ್ಕಿಯಾದರೆ ಮಾತ್ರ ಇದನ್ನು ಬಿಡಿಸಬಹುದು. ಆದ್ದರಿಂದ ನಾನು ಬರೆದದ್ದು ಆ ಮರಗಳಲ್ಲಿ ಈ ಜಾತಿಯ ಕೊನೆಯ ದಿನ, ಆ ಹಕ್ಕಿಯ ಕೊನೆಯ ದಿನವಲ್ಲ.

ಒಂದು ಸುಳಿವು ಮಾತ್ರ ಇದೆ. ಚಳಿಗಾಲವಿಡೀ ಬರಿಯ ಕರೆ ಕೊಡುವ ಹಸಿರು ಉಲಿಯಕ್ಕಿ, ಹೊರಡುವ ಕಾಲ ಹತ್ತಿರವಾದಂತೆ ಮರಿ ಮಾಡುವ ನಾಡಿನ ಹಾಡನ್ನು ಇಲ್ಲಿಯೇ ಆರಂಭಿಸುತ್ತದೆ. ‘ಚಿಸ್‌-ವೀ’ಯ ನಡುವೆ ಅವಸರದ ಇಂಪಾದ ಸ್ವರಗಳು ಬಂದು ಸೇರಿದ್ದನ್ನು ಮೊದಲ ಸಲ ಕೇಳಿದಾಗ ಬೇರೆ ಹಕ್ಕಿಯೆಂದೇ ಭಾವಿಸಿ ಬಹಳ ಹೊತ್ತು ಹುಡುಕಿದೆ. ಹಾಡು ಕೇಳಿದ ದಿನದಿಂದ ಭೇಟಿಗಳನ್ನು ಹೆಚ್ಚಿಸಬೇಕು. ವಾರಕ್ಕೆ ಎರಡಾದರೆ ನಾಲ್ಕು, ನಾಲ್ಕಾದರೆ ದಿನವೂ.

ಉಳಿದವು

ಬೂದು ಸಿಪಿಲೆ ಕೆರೆಯಂಚಿನಲ್ಲಿ ಬಯಲಲ್ಲೇ ಓಡಾಡುವುದರಿಂದ ಅದರ ಒಂದು ಗೈರುಹಾಜರಿಗೂ ಉಲಿಯಕ್ಕಿಯ ಮೂರು ಮೌನಗಳಷ್ಟು ತೂಕವಿದೆ. ಹೊನ್ನಕ್ಕಿ ದೊಡ್ಡದು, ದನಿಯೂ ದೊಡ್ಡದು. ಆದರೆ ಹಣ್ಣಿನ ಮರಗಳನ್ನು ಅರಸಿ ಅಲೆಯುವುದರಿಂದ ಅದರ ಮೌನಕ್ಕೆ ಕಡಿಮೆ ಬೆಲೆ. ನವರಂಗದ ವಿಷಯ ಬೇರೆ. ಅದು ದಾರಿಯಲ್ಲಿ ತಂಗಿ ಹೋಗುವ ಹಕ್ಕಿ, ಒಂದು ದಿನ ಒಣ ಎಲೆ ಕೆದಕುತ್ತ ಕಂಡು ಮರುದಿನ ಇಲ್ಲವಾಗುತ್ತದೆ. ಅದಕ್ಕೆ ಕಂಡ ದಿನವೊಂದನ್ನೇ ಬರೆದರೆ ಸಾಕು. ಬ್ಲೈತನ ಉಲಿಯಕ್ಕಿಯ ‘ಚಕ್’ ಏಪ್ರಿಲ್ 27ರ ಬೆಳಗ್ಗೆಯೂ ಬೇಲಿಯ ಪೊದೆಯಿಂದ ಕೇಳುತ್ತಿತ್ತು. ಅದರ ಮುಂದೆ 27 ಎಂದು ಬರೆದು, ಓರೆಗೆರೆ ಎಳೆದು, ಎರಡನೆಯ ತಾರೀಖಿಗೆ ಜಾಗ ಬಿಟ್ಟಿದ್ದೇನೆ.