ಆ ಸೈನಿಕನಿಗೆ ಸರ್ಕಾರ ಜಮೀನು ಕೊಟ್ಟಿತ್ತಾ?

ಓಹಾಯೋದಲ್ಲಿರುವ ಓದುಗರೊಬ್ಬರು ಕೇಳಿದ್ದಾರೆ: "ಇಲ್ಲಿ ಹಳ್ಳಿಯ ಹಳೇ ಸ್ಮಶಾನದಲ್ಲಿ ಅಮೆರಿಕ ಕ್ರಾಂತಿಯ, ಅಂದರೆ ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದ, ಸೈನಿಕನೊಬ್ಬನ ಸಮಾಧಿ ನೋಡಿದೆ. ಹೋರಾಡಿದ್ದು ವರ್ಜೀನಿಯಾದಲ್ಲಿ. ಸರ್ಕಾರ ಇನಾಮು ಜಮೀನು ಕೊಟ್ಟಿದ್ದಕ್ಕೆ ತಾನೇ ಇಲ್ಲಿಗೆ ಬಂದದ್ದು? ಅವನ ನೆನಪಿಗೆ ಈಗ ಏನಾದರೂ ಮಾಡಬಹುದಾ?"

ಎರಡನೇ ಪ್ರಶ್ನೆ ಒಳ್ಳೆಯದು. ಮೊದಲನೆಯದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ನನಗೇ ಲೆಕ್ಕ ತಪ್ಪಿದೆ. ಆದರೂ ಯುದ್ಧಕ್ಕೆ ಹೋದವನಿಗೆಲ್ಲ ಜಮೀನು ಸಿಕ್ಕಿತು, ಅವನು ಗಾಡಿ ಕಟ್ಟಿಕೊಂಡು ಹೋಗಿ ಉತ್ತು ಬಿತ್ತಿದ ಅನ್ನೋ ಕಥೆ ಸಾಯುವುದಿಲ್ಲ.

ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಮಾತು ಕೊಟ್ಟದ್ದು ನಿಜ. 1776ರಲ್ಲಿ, ಯುದ್ಧ ಮುಗಿಯುವ ತನಕ ಸೇವೆ ಮಾಡಿದ ಸಾಮಾನ್ಯ ಸೈನಿಕನಿಗೆ 100 ಎಕರೆ, ಕರ್ನಲ್‌ಗೆ 500 ಎಕರೆ ಎಂದು ಹೇಳಿತು. ಆದರೆ ಆಗ ಸಿಕ್ಕಿದ್ದು ಜಮೀನಲ್ಲ, ಒಂದು ಕಾಗದ. ಓಹಾಯೋದಲ್ಲಿ ಇದಕ್ಕೆಂದು ಭೂಮಿ ಗುರುತು ಮಾಡಿದ್ದು 1796ರಲ್ಲಿ. ಇಪ್ಪತ್ತು ವರ್ಷ! ಅಷ್ಟಾದ ಮೇಲೂ ಷರತ್ತು ನೋಡಿ: 4000 ಎಕರೆಗಿಂತ ಚಿಕ್ಕ ತುಂಡು ಕೊಡುವುದಿಲ್ಲ. ಅಂದರೆ 100 ಎಕರೆ ಕಾಗದ ಹಿಡಿದ ಬಡಪಾಯಿ ತನ್ನಂಥ ಇನ್ನೂ 39 ಜನರನ್ನು ಹುಡುಕಿ ಒಟ್ಟಾಗಿ ಅರ್ಜಿ ಹಾಕಬೇಕು. ಹುಡುಕಿಕೊಂಡು ಕೂರೋದಕ್ಕೆ ಮನೆಯಲ್ಲಿ ಅಕ್ಕಿ ಬೇಳೆ ಬೇಡ್ವಾ? ಕನ್ನಡಿಯೊಳಗಿನ ಗಂಟು ಅದು. ತುಂಬಾ ಜನ ಆ ಕಾಗದವನ್ನು ದಲ್ಲಾಳಿಗಳಿಗೆ ಚಿಲ್ಲರೆ ಕಾಸಿಗೆ ಮಾರಿ ಕೈ ತೊಳೆದುಕೊಂಡರು. 1800ರಲ್ಲಿ 100 ಎಕರೆಯ ತುಂಡುಗಳಿಗೂ ಅವಕಾಶ ಬಂತು. ಅಷ್ಟರಲ್ಲಿ ಎಷ್ಟೋ ಕಾಗದಗಳು ಕೈ ಬದಲಾಯಿಸಿದ್ದವು.

ಆ ಭೂಮಿಯಾದರೂ ಯಾರದ್ದು? ಶಾನೀ, ಡೆಲವೇರ್ ಮುಂತಾದ ಮೂಲನಿವಾಸಿ ಜನ ಬಾಳುತ್ತಿದ್ದ ನೆಲ. ಅವರನ್ನು ಸೋಲಿಸಿ, 1795ರಲ್ಲಿ ಗ್ರೀನ್‌ವಿಲ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ ಮೇಲೇ ಅಳತೆ ಶುರುವಾದದ್ದು. ಅತ್ತೆ ಒಡವೆ ಅಳಿಯ ದಾನ ಮಾಡಿದ ಅಂತಾರಲ್ಲ, ಹಾಗೆ.

ವರ್ಜೀನಿಯಾ ರಾಜ್ಯ ತನ್ನ ಸೈನಿಕರಿಗೆ ಬೇರೆಯೇ ಜಾಗ ಇಟ್ಟುಕೊಂಡಿತ್ತು, ಸಿಯೋಟೋ ಮತ್ತು ಲಿಟಲ್ ಮಯಾಮಿ ನದಿಗಳ ನಡುವೆ. ಅದಕ್ಕೂ ಮೂರು ವರ್ಷದ ಸೇವೆ ಬೇಕಿತ್ತು.

ಈಗ ಈ ಯುದ್ಧದ ಸೈನಿಕ ಜಾನ್ ಗ್ರೇಯನ್ನು ನೋಡಿ. 1764ರಲ್ಲಿ ವರ್ಜೀನಿಯಾದಲ್ಲಿ, ಜಾರ್ಜ್ ವಾಷಿಂಗ್ಟನ್ನರ ಮನೆಯಿದ್ದ ಮೌಂಟ್ ವರ್ನನ್ ಹತ್ತಿರ ಹುಟ್ಟಿದ. ಅಪ್ಪ ಇದೇ ಯುದ್ಧದಲ್ಲಿ, ವೈಟ್ ಪ್ಲೇನ್ಸ್‌ನಲ್ಲಿ ಸತ್ತ. ಮಗ ವಾಷಿಂಗ್ಟನ್ನರ ಹೊಲದಲ್ಲಿ ಕೂಲಿ ಮಾಡಿದ, ಹದಿಹರೆಯದಲ್ಲೇ ಬಂದೂಕು ಹಿಡಿದ, 1781ರಲ್ಲಿ ಯುದ್ಧದ ಕೊನೆಯ ದೊಡ್ಡ ಕದನ ನಡೆದ ಯಾರ್ಕ್‌ಟೌನ್‌ನಲ್ಲಿದ್ದ. ಆಮೇಲೆ ಓಹಾಯೋ ಸೇರಿ, ಈಗ ನೋಬಲ್ ಕೌಂಟಿ ಅನ್ನೋ ಕಡೆ ರೈತನಾಗಿ ಬದುಕಿದ. ಅವನ ಸೇವೆ ಆರು ತಿಂಗಳೂ ತುಂಬಿರಲಿಲ್ಲ. ಹಾಗಾಗಿ ಇನಾಮು ಜಮೀನಿನ ಮಾತೇ ಇಲ್ಲ. 1832ರ ಪಿಂಚಣಿ ಕಾನೂನು ಆರು ತಿಂಗಳು ಕೇಳುತ್ತಿತ್ತು, ಅದೂ ತಪ್ಪಿತು. ಕೊನೆಗೆ ಜಾನ್ ಬಿಂಗ್‌ಹ್ಯಾಮ್ ಎಂಬ ಕಾಂಗ್ರೆಸ್ ಸದಸ್ಯ ಇವನೊಬ್ಬನಿಗಾಗಿಯೇ ಮಸೂದೆ ತಂದರು. 1867ರ ಫೆಬ್ರವರಿಯಲ್ಲಿ ವರ್ಷಕ್ಕೆ 500 ಡಾಲರ್ ಮಂಜೂರಾಯಿತು. ಆಗ ಮುದುಕನಿಗೆ 103. ಮರು ವರ್ಷ ಮಾರ್ಚ್‌ನಲ್ಲಿ ತೀರಿಕೊಂಡ. ಹೈರಮ್ಸ್‌ಬರ್ಗ್ ಹತ್ತಿರ ಮಣ್ಣಾದ.

ಹಾಗಾಗಿ ಸಮಾಧಿ ಕಂಡ ತಕ್ಷಣ "ಜಮೀನು ಸಿಕ್ಕಿತ್ತು" ಅಂತ ಫಲಕದಲ್ಲಿ ಬರೆಸಬೇಡಿ, ದಯವಿಟ್ಟು. ತನ್ನ ದುಡ್ಡಲ್ಲೇ ಕೊಂಡಿದ್ದಿರಬಹುದು, ಗೇಣಿಗೆ ಮಾಡಿದ್ದಿರಬಹುದು, ಮಗನ ಮನೆಯಲ್ಲಿ ಇದ್ದಿರಬಹುದು.

ನೆನಪಿಗೆ ಏನು ಮಾಡೋದು? ಸಮಾಧಿಗೆ ಕಲ್ಲೇ ಇಲ್ಲದಿದ್ದರೆ ಅಮೆರಿಕದ ಮಾಜಿ ಸೈನಿಕರ ಇಲಾಖೆ ಉಚಿತವಾಗಿ ಕಲ್ಲು ಕೊಡುತ್ತದೆ. 1917ರ ಏಪ್ರಿಲ್ 6ಕ್ಕೆ ಮುಂಚೆ ಸೇವೆ ಮುಗಿಸಿದವರಾದರೆ, ರಕ್ತಸಂಬಂಧ ಇಲ್ಲದವರೂ ಅರ್ಜಿ ಹಾಕಬಹುದು. ಅಂದರೆ ನೀವೂ. ಖಾಸಗಿ ಸ್ಮಶಾನವಾದರೆ ನೆಡುವ ಖರ್ಚು ಮಾತ್ರ ನಿಮ್ಮದು. ಸೇವೆಗೆ ಪುರಾವೆ ಕಡ್ಡಾಯ, ಅದಕ್ಕೆ ನ್ಯಾಷನಲ್ ಆರ್ಕೈವ್ಸ್‌ನ, ಅಂದರೆ ಅಮೆರಿಕ ಸರ್ಕಾರದ ಹಳೇ ದಾಖಲೆಗಳ ಭಂಡಾರದ, ಪಿಂಚಣಿ ಕಡತ ಹುಡುಕಿ.

ಹೆಂಡತಿ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಗಂಡ ಸತ್ತ ಮೇಲೆ ಪಿಂಚಣಿ ಬೇಕಾದರೆ ಮದುವೆಯಾದದ್ದನ್ನು ಆಕೆ ರುಜುವಾತು ಮಾಡಬೇಕಿತ್ತು. ಮದುವೆ ಸರ್ಟಿಫಿಕೇಟ್ ಎಲ್ಲಿಂದ ತರೋದು? ಮನೆಯ ಬೈಬಲ್‌ನಲ್ಲಿ ಮದುವೆ, ಮಕ್ಕಳ ಹುಟ್ಟು ಬರೆದಿಟ್ಟ ಹಾಳೆಯನ್ನೇ ಹರಿದು ಕಳಿಸಿದವರಿದ್ದಾರೆ. ಆ ಹಾಳೆಗಳು ಇಂದಿಗೂ ಕಡತದಲ್ಲೇ ಇವೆ. ಈ ಯುದ್ಧದ ಕೊನೆಯ ಪಿಂಚಣಿದಾರ ವಿಧವೆ, ವರ್ಮಾಂಟ್‌ನ ಎಸ್ತರ್ ಡೇಮನ್, ತೀರಿಕೊಂಡದ್ದು 1906ರಲ್ಲಿ. 1835ರಲ್ಲಿ ಮದುವೆಯಾದಾಗ ಆಕೆಗೆ 21, ಗಂಡನಿಗೆ 75.

ಕಡತದ ಸಂಖ್ಯೆಯ ಮುಂದೆ 'ಎಸ್' ಇದ್ದರೆ ಸೈನಿಕನದೇ ಪಿಂಚಣಿ, 'ಡಬ್ಲ್ಯೂ' ಅಂದರೆ ವಿಧವೆಯದು, 'ಆರ್' ಅಂದರೆ ತಿರಸ್ಕಾರ. 'ಆರ್' ಕಂಡು ಸುಮ್ನೆ ವಾಪಸ್ ಬಂದುಬಿಡಬೇಡಿ. ಅರ್ಜಿ ಬಿದ್ದುಹೋಗಿದ್ದರೂ, ಎಲ್ಲಿ ಹೋರಾಡಿದೆ, ಯಾರ ಕೈಕೆಳಗೆ ಇದ್ದೆ ಅಂತ ಅವನು ಹೇಳಿ ಬರೆಸಿದ್ದು ಒಳಗೆ ಸಿಗಬಹುದು.